ಮುರ್ತುಜಸಾಬನ ಸಿಟ್ಟು

ನಾನು ಬಾದಾಮಿಯ ಸಾಲೆಯಲ್ಲಿ ಹದಿನೆಂಟು ವರ್ಷ ಮಾಸ್ತರಿಕೆ ಮಾಡಿದವನು. ಪಂಢರೀನಾಥ ಮಾಸ್ತರು ಎಂದರೆ ಹುಡುಗರು ಬೆಚ್ಚುತ್ತಿದ್ದರು. ಆದರೆ ಇಂದಿಗೂ ಬಾಗಲಕೋಟೆಯ ಪೇಟೆಯಲ್ಲಿ ನಡೆದರೆ ಜನ ನನ್ನನ್ನು ಗುರುತಿಸುವುದು ಮಾಸ್ತರನೆಂದು ಅಲ್ಲ, ಕುರ್ಚಿ ಮುರಿದು ಬಿದ್ದ ದಪ್ಪ ಮನುಷ್ಯನೆಂದು. ಇದಕ್ಕೆಲ್ಲ ಮೂಲ ನನ್ನ ಚಿಕ್ಕಪ್ಪನ ಮಗ ನರಸಿಂಹ. ಅವನ ಹೆಸರು ತೆಗೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸಾವಿರದ ಒಂಬೈನೂರ ಹದಿನೇಳರ ಬೇಸಿಗೆ ಅದು. ನರಸಿಂಹ ಓದು ಬಿಟ್ಟು ಪುಣೆಗೆ ಓಡಿಹೋಗಿ, ಯಾವುದೋ ಚಲಚ್ಚಿತ್ರದ ಕಂಪನಿಯಲ್ಲಿ ಕ್ಯಾಮರಾದ ಹಿಡಿಕೆ ತಿರುಗಿಸುವುದನ್ನು ಕಲಿತಿದ್ದ. ಕಂಪನಿ ಮುಳುಗಿತು. ಮುಳುಗುವಾಗ ಇವನ ಕೈಗೆ ಒಂದು ಕ್ಯಾಮರಾವನ್ನೂ ನಾಲ್ಕು ಡಬ್ಬಿ ಫಿಲ್ಮನ್ನೂ ಕೊಟ್ಟು ಮುಳುಗಿತು. ವಿಲಾಯತಿಯಲ್ಲಿ ಯುದ್ಧ ನಡೆದಿದ್ದರಿಂದ ಐದನೆಯ ಡಬ್ಬಿ ಸಿಗುವ ಆಸೆ ಇರಲಿಲ್ಲ. ಆ ನಾಲ್ಕರಲ್ಲೇ ಒಂದು ನಗೆಯ ಚಿತ್ರ ತೆಗೆಯುತ್ತೇನೆ ಎಂದು ಅವನು ನಮ್ಮ ಮನೆಯ ಜಗಲಿಗೆ ಬಂದು ಕೂತ.

ಕಥೆ ಹೇಳಿದ. ಕಡಲ ನಡುವಿನ ದ್ವೀಪವೊಂದರಲ್ಲಿ ಅರಮನೆಯಂಥ ಹೋಟೆಲು ಇದೆಯೆಂದು ನಂಬಿ ಒಬ್ಬ ದಪ್ಪ ಶ್ರೀಮಂತ ಹವಾ ಬದಲಿಸಲು ಹೋಗುತ್ತಾನೆ. ನೋಡಿದರೆ ಹೋಟೆಲು ಹಾಳು ಬಿದ್ದಿದೆ. ಕೂತ ಕುರ್ಚಿ ಮುರಿಯುತ್ತದೆ, ಮಲಗಿದ ಮಂಚ ಕುಸಿಯುತ್ತದೆ, ಕೊನೆಗೆ ಹೋಟೆಲಿನವನು ಊಟ ಕೊಡದೆ ಬೈದು ಹೊರದಬ್ಬುತ್ತಾನೆ. ಇದರಲ್ಲಿ ನಗುವುದು ಏನಿದೆ ಎಂದು ಕೇಳಿದೆ. ನೀನೇ ಆ ದಪ್ಪ ಶ್ರೀಮಂತ ಎಂದ. ಸಾಲೆಗೆ ಸೂಟಿ ಇತ್ತು, ಮತ್ತು ಶ್ರೀಮಂತ ಎಂದು ನನ್ನನ್ನು ಆವರೆಗೆ ಯಾರೂ ಕರೆದಿರಲಿಲ್ಲ. ಒಪ್ಪಿದೆ.

ದ್ವೀಪವನ್ನೂ ಅವನು ಹುಡುಕಿಕೊಂಡೇ ಬಂದಿದ್ದ. ಶಿವಯೋಗ ಮಂದಿರದಿಂದ ಕೆಳಗೆ ಮಲಪ್ರಭೆ ಒಂದು ಕಡೆ ಇಬ್ಭಾಗವಾಗಿ ಹರಿಯುತ್ತದೆ. ನಡುವಿನ ಗಡ್ಡೆಯ ಮೇಲೆ ಹತ್ತಿಪ್ಪತ್ತು ಈಚಲ ಮರ, ಅವುಗಳ ನಡುವೆ ಒಂದು ಬಂಗಲೆ. ಮೊಸಳೆಯ ಬೇಟೆಗೆಂದು ಯಾವನೋ ಬಿಳಿಯ ಸಾಹೇಬ ಹಿಂದೆ ಕಟ್ಟಿಸಿದ್ದು. ಸಾಹೇಬ ಹೋದ, ಮೊಸಳೆಗಳೂ ಹೋದವು. ಉಳಿದವರು ಬಂಗಲೆಯ ಕಾವಲುಗಾರ ಮುರ್ತುಜಸಾಬ ಮತ್ತು ಅವನ ಹೆಂಡತಿ ಖೈರುನಬಿ. ಇಪ್ಪತ್ತೆಂಟು ವರ್ಷದಿಂದ ಇಬ್ಬರೂ ಅಲ್ಲೇ ಇದ್ದರು. ಹಂಚು ಹಾರಿತ್ತು, ಗಿಲಾವು ಉದುರಿತ್ತು, ಕಿಟಕಿಯ ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು. ನರಸಿಂಹ ಅದನ್ನು ನೋಡಿ ಕೈ ಮುಗಿದ.

ಮುರ್ತುಜಸಾಬನೂ ನಮ್ಮನ್ನು ನೋಡಿ ಕೈ ಮುಗಿದ. ಎರಡು ವರ್ಷದಿಂದ ಅಲ್ಲಿಗೆ ಒಬ್ಬ ಅತಿಥಿಯೂ ಬಂದಿರಲಿಲ್ಲ. ಸರಕಾರದ ಕಾಗದವೊಂದನ್ನು ಅವನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟು ಓದಿಸಿದ. ಯಾರೂ ಬಳಸದ ಬಂಗಲೆಯನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲವಾದ್ದರಿಂದ, ಬರುವ ಸಂಕ್ರಾಂತಿಯ ನಂತರ ಓವರ್ಸಿಯರ್ ಬಂದು ನೋಡಿ ಕೆಡವಿಸುವ ತೀರ್ಮಾನ ಮಾಡತಕ್ಕದ್ದು ಎಂದಿತ್ತು. ಅದು ಅವನಿಗೆ ಗೊತ್ತಿದ್ದ ಸುದ್ದಿಯೇ. ಸಿಕ್ಕವರ ಕೈಯಲ್ಲೆಲ್ಲ ಓದಿಸುತ್ತಿದ್ದ, ಯಾರಾದರೂ ಬೇರೆ ಥರ ಓದಿಯಾರು ಎಂದು.

ಈ ಚಿತ್ರ ಮುಂಬಯಿಯಲ್ಲಿ ತೋರಿಸುತ್ತಾರೇನು ಎಂದು ಕೇಳಿದ. ಪುಣೆ, ಮುಂಬಯಿ, ಬೆಳಗಾವಿ ಎಲ್ಲ ಕಡೆ ತೋರಿಸುತ್ತೇವೆ ಎಂದ ನರಸಿಂಹ. ಹಾಗಾದರೆ ಸಾಹೇಬರೆಲ್ಲ ನನ್ನ ಬಂಗಲೆಯನ್ನು ನೋಡುತ್ತಾರೆ, ನೋಡಿ ಬರುತ್ತಾರೆ, ಬಂಗಲೆ ಉಳಿಯುತ್ತದೆ ಎಂದ ಮುರ್ತುಜಸಾಬ. ಚಿತ್ರದಲ್ಲಿ ಬಂಗಲೆ ಹೇಗೆ ಕಾಣುವುದಿದೆ ಎಂದು ನರಸಿಂಹ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ತಪ್ಪಿನಲ್ಲಿ ನನ್ನದೂ ಅರ್ಧ ಪಾಲು.

ನಾವು ಉಳಿದುಕೊಂಡದ್ದು ದಡದ ಮೇಲಿನ ಹಳ್ಳಿಯಲ್ಲಿ. ಮರುದಿನ ಬೆಳಿಗ್ಗೆ ಕ್ಯಾಮರಾ ಹೊತ್ತುಕೊಂಡು ಗಡ್ಡೆಗೆ ಹೋದರೆ ಬಂಗಲೆ ಬೆಳ್ಳಗೆ ಹೊಳೆಯುತ್ತಿತ್ತು. ನಸುಕಿನಲ್ಲೇ ಎದ್ದು ಗಂಡ ಹೆಂಡತಿ ಸುಣ್ಣ ಬಳಿದಿದ್ದರು. ಅಂಗಳ ಸಾರಿಸಿತ್ತು, ಕಿಟಕಿಗೆ ಹೊಸ ಕೀಲು ಬಂದಿತ್ತು. ಮುರ್ತುಜಸಾಬ ಅತ್ತರು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ತಪ್ಪೇನು? ನಮ್ಮ ಕಡೆ ಫೋಟೋ ತೆಗೆಸುವುದೆಂದರೆ ಜನ್ಮಕ್ಕೊಂದು ಸಲ. ಸತ್ತ ಮೇಲೆ ಗೋಡೆಗೆ ಹಾಕುವ ಪಟ ಅದು. ಹರಕು ಅಂಗಿ ಹಾಕಿಕೊಂಡು ಯಾರಾದರೂ ಫೋಟೋಕ್ಕೆ ನಿಲ್ಲುತ್ತಾರೆಯೇ?

ನರಸಿಂಹ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ನಾವು ಕಿಟಕಿಯ ಹೊಸ ಕೀಲು ಕಿತ್ತು, ಮೂರು ದಿನ ಸುಣ್ಣ ಕೆರೆದೆವು. ಗೋಡೆಗೆ ಹೊಸದಾಗಿ ಸುಣ್ಣ ಹಚ್ಚುವ ಮುಂಚೆ ಹಳೆಯದನ್ನು ಕೆರೆಯಬೇಕು ಎಂದು ಮುರ್ತುಜಸಾಬನಿಗೆ ಹೇಳಿದ್ದೆವು.

ಮುರಿಯುವ ಕುರ್ಚಿಯದು ಇನ್ನೊಂದು ಕಥೆ. ನರಸಿಂಹ ಅದರ ಕಾಲನ್ನು ಮುಕ್ಕಾಲು ಭಾಗ ಗರಗಸದಿಂದ ಕೊಯ್ದು ಇಟ್ಟ. ಕ್ಯಾಮರಾ ತಿರುಗಿತು. ನಾನು ರೇಷ್ಮೆಯ ರುಮಾಲು ಸುತ್ತಿಕೊಂಡು ಠೀವಿಯಿಂದ ಬಂದು ಕೂತೆ. ಮುರಿಯಲಿಲ್ಲ. ಎದ್ದು ಮತ್ತೆ ಕೂತೆ. ಕುಪ್ಪಳಿಸಿ ಕೂತೆ. ಮಾಸ್ತರರು ಬಿದ್ದುಗಿದ್ದಾರು ಎಂದು ಮುರ್ತುಜಸಾಬ ಕಾಲಿಗೆ ಕಬ್ಬಿಣದ ಪಟ್ಟಿ ಬಡಿದಿದ್ದ. ಪಟ್ಟಿ ತೆಗೆಸಿ ಮತ್ತೆ ಕೂತಾಗ ಕುರ್ಚಿ ಮುರಿದು ನಾನು ಅಂಗಾತ ಬಿದ್ದೆ. ಕ್ಯಾಮರಾ ತಿರುಗುತ್ತಿರುವಾಗಲೇ ಮುರ್ತುಜಸಾಬ ಓಡಿ ಬಂದು ನನ್ನನ್ನು ಎಬ್ಬಿಸಿ, ಧೋತರದ ಧೂಳು ಕೊಡವಿ, ಬೆನ್ನು ತಿಕ್ಕಿದ. ಮೊದಲನೆಯ ಡಬ್ಬಿ ಅಲ್ಲಿಗೆ ಮುಗಿಯಿತು.

ಎರಡನೆಯ ಡಬ್ಬಿ ಕಡಲಿಗೆ ಹೋಯಿತು, ಚಿತ್ರದ ಕಡಲೆಂದರೆ ನಮ್ಮ ಹೊಳೆಯೇ. ಬೇಸಿಗೆಯಲ್ಲಿ ಮಲಪ್ರಭೆಯ ನೀರು ಮೊಣಕಾಲ ಮಟ್ಟ. ಹರಿಗೋಲಿನ ತಿಮ್ಮಣ್ಣ ನನ್ನನ್ನು ಕೂರಿಸಿಕೊಂಡು ಹುಟ್ಟು ಹಾಕಿದ. ನನ್ನ ಭಾರಕ್ಕೆ ಹರಿಗೋಲು ತಳ ಮುಟ್ಟಿತು. ಅವನು ಇಳಿದು ಕಡಲ ನಡುವೆ ನಿಂತು ದಬ್ಬತೊಡಗಿದ. ಅದೇ ಹೊತ್ತಿಗೆ ಹಿಂದೆ ಹಾಲು ಮಾರುವ ಚಂದವ್ವ ತಲೆಯ ಮೇಲೆ ಗಡಿಗೆ ಹೊತ್ತು ಕಡಲನ್ನು ದಾಟಿ ಹೋದಳು. ನರಸಿಂಹ ಅವಳಿಗೆ ಕೈಮುಗಿದು ಬೇರೆ ಕಡೆಯಿಂದ ದಾಟಲು ಹೇಳಿದ. ಪಾಪ, ಅವಳು ಒಪ್ಪಿದಳು. ಮರುದಿನ ತಾನು ದಂಡೆಯ ಮೇಲೆ ಮರೆಯಾಗಿ ಕೂತು ಎಮ್ಮೆಗಳನ್ನಷ್ಟೇ ಬಿಟ್ಟಳು.

ಮೂರನೆಯದರಲ್ಲಿ ಮಂಚ ಕುಸಿಯಿತು. ಅದೊಂದೇ ಸರಿಯಾಗಿ ಆದದ್ದು, ಏಕೆಂದರೆ ಆ ಮಂಚವನ್ನು ಯಾರೂ ಕೊಯ್ದಿರಲಿಲ್ಲ. ಹೋಟೆಲಿನವನ ಪಾತ್ರಕ್ಕೆಂದು ಪುಣೆಯಿಂದ ಒಬ್ಬ ನಟ ಬಂದಿದ್ದ. ಅವನು ಹೊಳೆಯ ನೀರಿಗೋ ಬಿಸಿಲಿಗೋ ಜ್ವರ ಹಿಡಿದು ಹಾಸಿಗೆ ಸುತ್ತಿಕೊಂಡು ಊರಿಗೆ ಹೋದ. ಉಳಿದದ್ದು ಒಂದು ಡಬ್ಬಿ ಮತ್ತು ಬೈದು ಹೊರದಬ್ಬುವ ಕೊನೆಯ ದೃಶ್ಯ. ಬೇರೆ ಗತಿ ಇಲ್ಲದೆ ನರಸಿಂಹ ಮುರ್ತುಜಸಾಬನನ್ನೇ ನಿಲ್ಲಿಸಿದ.

ಇಲ್ಲಿ ನನ್ನ ಊಟದ ಮಾತು ಹೇಳಬೇಕು. ಆ ಹದಿನೈದು ದಿನ ನಾನು ಆ ಬಂಗಲೆಯಲ್ಲಿ ಒಂದು ಹನಿ ನೀರು ಕುಡಿದಿರಲಿಲ್ಲ. ಮುಸಲ್ಮಾನರ ಮನೆಯಲ್ಲಿ ಉಂಡನೆಂದು ನಮ್ಮ ಕೇರಿಯಲ್ಲಿ ಸುದ್ದಿಯಾದರೆ ಪಂಕ್ತಿಯಿಂದ ಎಬ್ಬಿಸುತ್ತಿದ್ದ ಕಾಲ ಅದು. ಮನೆಯಿಂದ ತಂದ ಅವಲಕ್ಕಿಯ ಗಂಟು ಬಿಚ್ಚಿ, ಈಚಲ ಮರದ ಕೆಳಗೆ ಬಂಗಲೆಗೆ ಬೆನ್ನು ಹಾಕಿ ಕೂತು ತಿನ್ನುತ್ತಿದ್ದೆ. ನರಸಿಂಹನಿಗೆ ಪುಣೆಯ ಗಾಳಿ ಬಡಿದಿತ್ತು, ಅವನು ಖೈರುನಬಿಯ ಕೈಯಡುಗೆಯನ್ನು ಬೆರಳು ನೆಕ್ಕಿ ಉಣ್ಣುತ್ತಿದ್ದ. ನನ್ನನ್ನೂ ದಿನಾಲು ಊಟಕ್ಕೆ ಕರೆಯುತ್ತಿದ್ದರು. ನಾನು ದಿನಾಲು ಒಲ್ಲೆ ಎನ್ನುತ್ತಿದ್ದೆ. ಅದು ಸರಿಯೆಂದೇ ನಂಬಿದ್ದೆ, ಇದನ್ನು ಮುಚ್ಚಿಡುವುದಿಲ್ಲ.

ಮುರ್ತುಜಸಾಬನಿಗೆ ಸಿಟ್ಟಿನ ಮುಖ ಮಾಡಲು ಬರಲಿಲ್ಲ. ಬೈಯಿ ಎಂದರೆ ಕೈ ಮುಗಿಯುತ್ತಿದ್ದ, ದಬ್ಬು ಎಂದರೆ ಮೆಲ್ಲಗೆ ಭುಜ ಹಿಡಿದು ಒಳಗೇ ಕರೆದೊಯ್ಯುತ್ತಿದ್ದ. ಚಿತ್ರದಲ್ಲಿ ಮಾತು ಕೇಳುವುದಿಲ್ಲ, ಏನಾದರೂ ಅನ್ನು, ಮುಖ ಮಾತ್ರ ಕೆಂಪಗಿರಲಿ ಎಂದು ನರಸಿಂಹ ಗೋಗರೆದ.

"ಮನಿಗೆ ಬಂದವರಿಗೆ ನಡೀರಿ ಅನ್ನಾಕ ನನ್ನ ನಾಲಿಗಿ ಹೊಳ್ಳೂದಿಲ್ರಿ," ಎಂದ ಮುರ್ತುಜಸಾಬ.

ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ ನಡೆಯಿತು. ರೇಷ್ಮೆಯ ರುಮಾಲಿನೊಳಗೆ ನನ್ನ ತಲೆ ಬೇಯುತ್ತಿತ್ತು. ಅಷ್ಟರಲ್ಲಿ ಬಾಗಿಲ ಪರದೆಯ ಹಿಂದಿನಿಂದ ಖೈರುನಬಿ, ಇವತ್ತಾದರೂ ಮಾಸ್ತರರು ಉಣ್ಣುತ್ತಾರೇನು ಎಂದು ಕೇಳಿದಳು. ನನ್ನ ತಲೆ ತಿರುಗಿಹೋಯಿತು.

"ನಾ ನಿಮ್ಮ ಮನ್ಯಾಗ ಉಣ್ಣೂದಿಲ್ಲ," ಎಂದೆ. "ಎಷ್ಟ ಸಲ ಹೇಳೂದು?"

ಮುರ್ತುಜಸಾಬನ ಮುಗಿದ ಕೈಗಳು ಬಿಟ್ಟುಕೊಂಡವು. ಅವನ ಗಡ್ಡ ನಡುಗಿತು.

"ಉಣ್ಣೂದಿಲ್ಲ ಅಂದ್ರ? ಹದಿನೈದು ದಿನಾ ಆತ್ರಿ ಮಾಸ್ತರ್ರ. ನನ್ನ ಹೇಣ್ತಿ ನಿಮ್ಮ ಸಲವಾಗಿ ಹೊಸಾ ಗಡಗಿ ತರಿಸ್ಯಾಳ. ನಮ್ಮ ಕೈ ನೀರು ನಿಮಗ ನಡ್ಯೂದಿಲ್ಲಂತ ಚಂದವ್ವನ ಕೈಲೆ ನೀರು ಹೊರಸ್ಯಾಳ. ಉಳ್ಳಾಗಡ್ಡಿ ಹಾಕಿಲ್ಲ, ಬೆಳ್ಳೊಳ್ಳಿ ಮುಟ್ಟಸಿಲ್ಲ. ದಿನಾ ಮಾಡ್ತಾಳ, ದಿನಾ ಮುಚ್ಚಿ ಇಟ್ಟು ಹಾದಿ ಕಾಯ್ತಾಳ, ಸಂಜಿಗೆ ಒಯ್ದು ಎಮ್ಮಿಗೆ ಹಾಕ್ತಾಳ. ನೀವು ಬೆನ್ನ ತಿರುವಿ ಕುಂತು ಒಣಾ ಅವಲಕ್ಕಿ ತಿಂತೀರಿ. ನನ್ನ ಮನಿ ಹಾಳ ಬಿದ್ದೈತಿ, ಖರೆ. ನನ್ನ ಒಲಿ ಹಾಳ ಬಿದ್ದಿಲ್ಲ."

ಅನ್ನುತ್ತ ಅನ್ನುತ್ತ ಅವನು ಮುಂದೆ ಬಂದ, ನಾನು ಹಿಂದೆ ಸರಿದೆ. ಮೆಟ್ಟಿಲು ತಪ್ಪಿ ಅಂಗಳಕ್ಕೆ ಬಿದ್ದೆ. ರುಮಾಲು ಉರುಳಿ ಹೊಳೆಯ ಕಡೆ ಹೋಯಿತು. ಹಿಂದೆ ಕರ್ ಕರ್ ಎಂದು ಸಪ್ಪಳ. ನರಸಿಂಹ ಅಷ್ಟೂ ಹೊತ್ತು ಹಿಡಿಕೆ ತಿರುಗಿಸುತ್ತಿದ್ದ. ಡಬ್ಬಿ ಮುಗಿದಾಗ ಅವನು ಕುಣಿದಾಡಿಬಿಟ್ಟ.

ಚಂದವ್ವನ ಕೈನೀರೂ ನಮ್ಮ ಕೇರಿಯ ಶಾಸ್ತ್ರಕ್ಕೆ ನಡೆಯುವುದಿಲ್ಲ. ಅದು ಖೈರುನಬಿಗೆ ಗೊತ್ತಿರಲಿಲ್ಲ. ತನಗೆ ತಿಳಿದಷ್ಟು ಅವಳು ನನ್ನ ಮಡಿಯನ್ನು ಕಾದಿದ್ದಳು. ನನಗೆ ಆ ಹೊತ್ತಿನಲ್ಲಿ ಆದ ನಾಚಿಕೆ ಮತ್ತೆಂದೂ ಆಗಿಲ್ಲ. ಆದರೂ ಎದ್ದು ಒಳಗೆ ಹೋಗಿ ಉಣ್ಣುವ ಧೈರ್ಯ ಬರಲಿಲ್ಲ. ಮೈ ಕೊಡವಿಕೊಂಡು ಬಾದಾಮಿಯ ದಾರಿ ಹಿಡಿದೆ.

ನಡುನಡುವೆ ತೋರಿಸುವ ಬರಹದ ಪಟ್ಟಿಗಳನ್ನು ನನ್ನ ಕೈಯಿಂದಲೇ ಬರೆಸಿದ ನರಸಿಂಹ. ಮುರ್ತುಜಸಾಬನ ಬಾಯಿಗೆ 'ಇಲ್ಲಿ ಊಟವೂ ಇಲ್ಲ ಗೀಟವೂ ಇಲ್ಲ, ನಡಿ ಹೊರಗೆ!' ಎಂದು ಬರೆಯಬೇಕಂತೆ. ಒಲ್ಲೆನೆಂದು ಎರಡು ದಿನ ಜಗಳಾಡಿದೆ, ಮೂರನೆಯ ದಿನ ಬರೆದುಕೊಟ್ಟೆ. ಅಕ್ಷರ ಮಾತ್ರ ದುಂಡಗೆ ಬಂದಿದ್ದವು.

ದೀಪಾವಳಿ ಕಳೆದ ಮೇಲೆ ಬಾಗಲಕೋಟೆಯಲ್ಲಿ ಡೇರೆ ಹೊಡೆದು ಚಿತ್ರ ತೋರಿಸಿದರು. ಮುರ್ತುಜಸಾಬ ಜರಿಯ ಟೋಪಿ ಹಾಕಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಪರದೆಯ ಮೇಲೆ ಅವನ ಬಂಗಲೆ ಬಂತು. ಕೆರೆದ ಗೋಡೆ, ಹಾರಿದ ಹಂಚು, ಜೋತುಬಿದ್ದ ಕಿಟಕಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಿದ್ದಾಗ ಸೀಟಿ ಹೊಡೆದರು. ಚಂದವ್ವನ ಎಮ್ಮೆಗಳು ಕಡಲನ್ನು ದಾಟಿದಾಗ ಡೇರೆಯ ಗೂಟ ಕೀಳುವಷ್ಟು ಗದ್ದಲ. ಕೊನೆಗೆ ಅವನ ಸಿಟ್ಟು ಬಂತು, ಬರಹದ ಪಟ್ಟಿ ಬಂತು. ಏನು ಬರೆದಿದ್ದಾರೆ ಎಂದು ಅವನು ಕೇಳಿದ. ಉಣ್ಣಿರಿ ಎಂದು ಬರೆದಿದೆ ಎಂದೆ.

"ಮತ್ತ ಮಂದಿ ಯಾಕ ನಗಾಕತ್ತಾರ್ರಿ?" ಎಂದ.

ಅವನು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಓವರ್ಸಿಯರನೂ ಈ ಚಿತ್ರ ನೋಡುತ್ತಾನೆ, ಇನ್ನು ನನ್ನ ಬಂಗಲೆಯನ್ನು ಯಾರೂ ಉಳಿಸಲಾರರು ಎಂದಷ್ಟೇ ಹೇಳಿ ಎದ್ದುಹೋದ.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮುಂದಿನ ರವಿವಾರ ಕೆರೂರಿನಿಂದ ಎರಡು ಬಂಡಿ ಜನ ಗಡ್ಡೆಗೆ ಬಂದರು. ಅದರ ಮುಂದಿನ ರವಿವಾರ ಬಾಗಲಕೋಟೆ, ಬೇವೂರು, ಇಳಕಲ್ಲಿನಿಂದ. ಅವರಿಗೆ ಆ ಕುಸಿದ ಮಂಚದ ಮೇಲೆ ಮಲಗಬೇಕಿತ್ತು, ಮುರುಕು ಕುರ್ಚಿಯಲ್ಲಿ ಕೂರಬೇಕಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಮುರ್ತುಜಸಾಬನ ಕೈಯಲ್ಲಿ ಬೈಸಿಕೊಳ್ಳಬೇಕಿತ್ತು. ಅವನು ಬೈಯಲಿಲ್ಲ. ಎಲ್ಲರಿಗೂ ಉಣಬಡಿಸಿದ. ಒಲ್ಲೆ ಎನ್ನಬೇಕಾದವರೇ ಗಬಗಬ ಉಂಡರೆ ಅವನಿಗೆ ಸಿಟ್ಟಾದರೂ ಎಲ್ಲಿಂದ ಬರಬೇಕು? ಜನ ಸಪ್ಪೆ ಮುಖ ಮಾಡಿಕೊಂಡು ಹಿಂದಿರುಗತೊಡಗಿದರು.

ಮುರ್ತುಜಸಾಬ ತಿಮ್ಮಣ್ಣನ ಕೈಯಲ್ಲಿ ನನಗೆ ಹೇಳಿಕಳಿಸಿದ. ನಾನು ಹೋದೆ. ಆದದ್ದಾಗಲಿ, ಇವತ್ತು ಉಂಡೇ ಬರುವುದು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅದನ್ನು ಹೇಳಿದರೆ ಮುರ್ತುಜಸಾಬ ಗಾಬರಿಯಾದ.

"ನೀವು ಉಂಡ್ರ ನನ್ನ ಬಂಗಲೆ ಹೋಗತೈತ್ರಿ ಮಾಸ್ತರ್ರ," ಎಂದ. "ಓವರ್ಸಿಯರ್ ಬಂದು ಹೋಗೂ ಮಟಾ ತಡೀರಿ. ನೀವು ಒಲ್ಲೆ ಅಂದ್ರಷ್ಟ ನನಗ ಖರೇ ಸಿಟ್ಟ ಬರ್ತೈತಿ."

ಹೀಗೆ ಏಳು ರವಿವಾರ ನಾನು ಬಂಡಿ ಕಟ್ಟಿಕೊಂಡು ಹೋಗಿ, ನೂರು ಜನರೆದುರು ಉಣ್ಣುವುದಿಲ್ಲ ಎಂದೆ. ಏಳು ರವಿವಾರವೂ ಅವನು ಬೈದ. ಜನ ಕುಣಿದು ನಕ್ಕರು. ಬೈಗುಳ ಮುಗಿದ ಮೇಲೆ ನಾನು ಮರದ ಕೆಳಗೆ ಅವಲಕ್ಕಿ ಜಗಿಯುತ್ತಿದ್ದೆ. ಖೈರುನಬಿ ಕಾಯಿಸಿದ ಬೆಣ್ಣೆಯ ವಾಸನೆ ಬೆನ್ನಿಗೆ ಬಂದು ಬಡಿಯುತ್ತಿತ್ತು. ಅವಳು ಈಗಲೂ ಆ ಬೇರೆ ಗಡಿಗೆಯಲ್ಲಿ ಅಡಿಗೆ ಮಾಡುತ್ತಿದ್ದಳೆಂದು ಚಂದವ್ವ ಹೇಳಿದಳು. ಹೇಗೂ ಉಣ್ಣುವುದಿಲ್ಲವಲ್ಲ ಎಂದು ಇವಳು ಕೇಳಿದರೆ, ಉಣ್ಣುವುದು ಬಿಡುವುದು ಅವರಿಗೆ ಸೇರಿದ್ದು, ಮಾಡುವುದು ನನಗೆ ಸೇರಿದ್ದು ಎಂದಳಂತೆ ಖೈರುನಬಿ.

ಸಂಕ್ರಾಂತಿ ಕಳೆದ ರವಿವಾರ ಓವರ್ಸಿಯರ್ ಬಂದ. ಒಣಕಲು ಮನುಷ್ಯ. ಅಳತೆಯ ಟೇಪು, ಪುಸ್ತಕ, ಮತ್ತು ತನ್ನ ಊಟದ ಹಿತ್ತಾಳೆಯ ಡಬ್ಬಿ ತಂದಿದ್ದ. ಗೋಡೆಯ ಬಿರುಕನ್ನು ಅಳೆದ, ತೊಲೆಗೆ ಚೂರಿ ಚುಚ್ಚಿ ನೋಡಿದ, ತಲೆ ಅಲ್ಲಾಡಿಸಿದ. ಮುರ್ತುಜಸಾಬ ಅವನ ಹಿಂದೆ ಹಿಂದೆ ಅಡ್ಡಾಡಿದ. ಅಳತೆ ಮುಗಿದ ಮೇಲೆ ಓವರ್ಸಿಯರ್ ವರಾಂಡದಲ್ಲಿ ಕೂತು ಡಬ್ಬಿಗೆ ಕೈ ಹಾಕಿದ. ನಾನೂ ಚಿತ್ರ ನೋಡಿದ್ದೇನೆ, ಆ ಬೈಗುಳ ನಡೆಯಲಿ ಎಂದ. ಅಂಗಳದ ತುಂಬ ಜನ ಸೇರಿದ್ದರು. ನಮ್ಮ ಕೇರಿಯವರೂ ನಾಲ್ವರಿದ್ದರು. ಮುರ್ತುಜಸಾಬ ಕಣ್ಣಲ್ಲೇ ನನಗೆ ಸನ್ನೆ ಮಾಡಿದ.

ಪರದೆಯ ಹಿಂದಿನಿಂದ ಕೇಳುವ ಮಾತು ಆ ದಿನವೂ ಕೇಳಿತು. ಮಾಸ್ತರರು ಇವತ್ತಾದರೂ ಉಣ್ಣುತ್ತಾರೇನು? ಆಟದ ಮಾತಾಗಿ ಏಳು ವಾರವಾಗಿದ್ದರೂ ಆ ದನಿಯಲ್ಲಿ ಆಟವಿರಲಿಲ್ಲ. ಖರೆಯೇ ಕೇಳುತ್ತಿದ್ದಳು. ಒಲ್ಲೆ ಎನ್ನಲು ನಾನು ಬಾಯಿ ತೆರೆದೆ.

"ನೀಡವಾ, ಉಣ್ತೇನಿ," ಎಂದೆ.

ಮುರ್ತುಜಸಾಬನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ನಾನು ಯಾರ ಕಡೆಗೂ ನೋಡದೆ ಚಕ್ಕಳಮಕ್ಕಳ ಹಾಕಿ ಕೂತೆ. ಖೈರುನಬಿ ಸೆರಗು ಮುಂದೆಳೆದುಕೊಂಡು ಹೊರಗೆ ಬಂದು ಬಿಳಿಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಯ ಹಿಂಡಿ, ಬೆಣ್ಣೆ ಬಡಿಸಿದಳು. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಹಿಂಡಿ ಖಾರವಿತ್ತು, ಆದರೆ ಅದು ಖಾರದ ನೀರಲ್ಲ. ನಮ್ಮ ಕೇರಿಯ ನಾಲ್ವರು ಎದ್ದು ಹೊಳೆಗೆ ಇಳಿದರು. ಆಮೇಲೆ ಎರಡು ವರ್ಷ ನನ್ನನ್ನು ಯಾವ ಪಂಕ್ತಿಗೂ ಕರೆಯಲಿಲ್ಲ. ಹೊಟ್ಟೆ ತುಸು ಇಳಿಯಿತು, ಮತ್ತೇನೂ ನಷ್ಟವಾಗಲಿಲ್ಲ.

ಯಾರೂ ನಗಲಿಲ್ಲ. ನಗುವುದಕ್ಕೆ ಏನೂ ನಡೆದಿರಲಿಲ್ಲ. ಓವರ್ಸಿಯರ್ ಇಷ್ಟೇ ಏನು ಎಂಬಂತೆ ನೋಡಿ, ತನ್ನ ಡಬ್ಬಿಯ ಮುಚ್ಚಳ ತೆಗೆದ. ಆ ಸಪ್ಪಳಕ್ಕೆ ಮುರ್ತುಜಸಾಬ ತಿರುಗಿದ. ಡಬ್ಬಿಯನ್ನು ನೋಡಿದ. ಗಡ್ಡ ನಡುಗತೊಡಗಿತು. ಅದನ್ನು ನಾನು ಎಂಟು ಸಲ ಕಂಡವನು, ನನಗೆ ತಿಳಿಯಿತು.

"ಸಾಹೇಬ್ರ, ಮಾಸ್ತರ್ರು ಜಾತಿ ಬಿಟ್ಟು ಉಣ್ಣಾಕತ್ತಾರ. ನನ್ನ ಮನ್ಯಾಗ ಕುಂತು ನೀವು ಡಬ್ಬಿ ಬಿಚ್ಚತೀರಿ? ಬೆಳಿಗ್ಗಿಂದ ಗ್ವಾಡಿ ನೋಡೀರಿ, ತೊಲಿ ನೋಡೀರಿ, ಒಲಿ ನೋಡೀರೇನು? ಬಂಗಲೆ ಕೆಡವೂದಿದ್ರ ಕೆಡವ್ರಿ. ಉಂಡು ಕೆಡವ್ರಿ."

ಅಂಗಳವೆಲ್ಲ ಒಮ್ಮೆಲೇ ನಕ್ಕಿತು. ಅಂಥ ನಗು ಡೇರೆಯಲ್ಲೂ ಬಂದಿರಲಿಲ್ಲ. ಓವರ್ಸಿಯರ್ ಎದ್ದು ಹಿಂದೆ ಸರಿದ, ಮೆಟ್ಟಿಲು ತಪ್ಪಿ ನಾನು ಬಿದ್ದ ಜಾಗದಲ್ಲೇ ಬಿದ್ದ. ಜನ ಮತ್ತೂ ನಕ್ಕರು. ಮುರ್ತುಜಸಾಬ ಮಾತ್ರ ನಗಲಿಲ್ಲ, ಅವನು ಆಟ ಆಡುತ್ತಿರಲಿಲ್ಲ. ಓವರ್ಸಿಯರ್ ಧೂಳು ಕೊಡವಿಕೊಂಡು ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ನನ್ನ ಪಕ್ಕ ಬಂದು ಕೂತ. ಮೂರು ರೊಟ್ಟಿ ತಿಂದ. ಹಿಂಡಿಯನ್ನು ಎರಡು ಸಲ ಹಾಕಿಸಿಕೊಂಡ.

ಕೈ ತೊಳೆದು ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಏನೋ ಗೀಚಿದ. ಅದನ್ನು ಕನ್ನಡ ಮಾಡಿ ಗಂಡ ಹೆಂಡತಿಗೆ ಹೇಳಲು ನನ್ನ ಕೈಗೆ ಕೊಟ್ಟ. ಅಲ್ಲಿ ಇದ್ದದ್ದು ಎರಡೇ ಮಾತು: ಬಂಗಲೆ ಪೂರ್ತಿ ಹಾಳಾಗಿದೆ. ಬಳಕೆಯಲ್ಲಿದೆ, ಕೆಡವಬಾರದು.

ಮುರ್ತುಜಸಾಬ ಅದನ್ನು ನನ್ನಿಂದ ಮೂರು ಸಲ ಓದಿಸಿದ. ಮೂರು ಸಲವೂ ಅದು ಒಂದೇ ಥರ ಇತ್ತು.